ನಾಲ್ಕು ಮುಂದೆ, ಒಂದು ಹಿಂದೆ

“ಇದು ನಮ್ಮ ಕೈ ಅಲ್ಲ ಬಿಡ್ರಿ.”

ಹನಮಂತವ್ವ ಮೊಬೈಲನ್ನು ಮಾರು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಹಾಗೆಂದು ಹವಾಲ್ದಾರ ಹುಚ್ಚೀರಪ್ಪನ ಕೈಗೆ ವಾಪಸ್ಸು ಕೊಟ್ಟಳು. ಕೊಟ್ಟವಳೇ ಮತ್ತೆ ತನ್ನ ಚೀಲಕ್ಕೆ ದಬ್ಬಣ ಚುಚ್ಚಿದಳು.

ಮುಂಡರಗಿಯ ಆ ಮೆಣಸಿನಕಾಯಿ ಗೋದಾಮಿನಲ್ಲಿ ಹತ್ತು ಹನ್ನೆರಡು ಹೆಂಗಸರು ಚೀಲಗಳ ಬಾಯಿ ಹೊಲಿಯುತ್ತ ಕುಳಿತಿದ್ದರು. ಒಳಗೆ ಕಾಲಿಟ್ಟಾಗಿನಿಂದ ಹುಚ್ಚೀರಪ್ಪ ಏಳು ಸಲ ಸೀನಿದ್ದ. ಅವರಲ್ಲಿ ಒಬ್ಬಳೂ ಸೀನಿರಲಿಲ್ಲ. ಹೊರಗೆ ಆಷಾಢದ ಗಾಳಿ ಚಾವಣಿಯ ತಗಡನ್ನು ಬಡಿಯುತ್ತಿತ್ತು. ಮೋಡ ಕವಿದು ನಾಲ್ಕು ದಿನವಾಗಿತ್ತು, ಒಂದು ಹನಿಯೂ ಉದುರಿರಲಿಲ್ಲ. ಆಕಾಶವೇ ಮುಖ ಊದಿಸಿಕೊಂಡು ಕುಳಿತಂತಿತ್ತು.

ಇದೇ ಗೋದಾಮಿನಿಂದ ಇನ್ನೂರ ನಲವತ್ತು ಚೀಲ ಹೇರಿಕೊಂಡು ಬಾಂಗ್ಲಾದೇಶದ ಗಡಿಗೆ ಹೋದ ಲಾರಿಯಲ್ಲಿ, ಹನ್ನೊಂದು ಚೀಲಗಳ ಮೆಣಸಿನಕಾಯಿಯ ಕೆಳಗೆ ನಿಷೇಧಿತ ಕೆಮ್ಮಿನ ಔಷಧದ ಬಾಟಲಿಗಳು ಸಿಕ್ಕಿದ್ದವು. ಬೆಟಗೇರಿಯ ಡ್ರೈವರ್ ಮೊಹಸಿನ ಗಡಿಯ ಈಚೆ ಬಂಗಾಲದ ಜೈಲು ಸೇರಿ ಇವತ್ತಿಗೆ ಇಪ್ಪತ್ತಾರು ದಿನ.

ಸೋಮವಾರ ಅವನ ಜಾಮೀನಿನ ಅರ್ಜಿ ಕೋರ್ಟಿಗೆ ಬರುವುದಿತ್ತು. ಇವತ್ತು ಗುರುವಾರ. ಆ ಚೀಲಗಳನ್ನು ಬೇರೆ ಯಾರೋ ಸೇರಿಸಿದರು ಎಂದು ಅಷ್ಟರೊಳಗೆ ತೋರಿಸದಿದ್ದರೆ ಹುಡುಗ ಹತ್ತು ವರ್ಷ ಒಳಗೇ ಎಂದು ಅಲ್ಲಿಯ ವಕೀಲರು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಹನ್ನೊಂದು ಚೀಲಗಳ ಬಾಯಿಯ ಫೋಟೋಗಳನ್ನು ಕಳಿಸಿದವರೂ ಅವರೇ.

“ನಿಮ್ಮ ಕೈ ಅಲ್ಲ ಅಂದ್ರ? ಹೊಲಿಗಿ ಅಂದ್ರ ಹೊಲಿಗಿನ ಅಲ್ಲೇನವ್ವ?” ಎಂದ ಹುಚ್ಚೀರಪ್ಪ.

“ನಿಮ್ಮ ಸಹಿ, ನನ್ನ ಸಹಿ ಒಂದ ಏನ್ರಿ?”

ಹೆಂಗಸರು ಕಿಸಕ್ಕನೆ ನಕ್ಕರು. ಹುಚ್ಚೀರಪ್ಪನೂ ನಕ್ಕ. ನಿವೃತ್ತನಾಗಿ ಮೂರು ವರ್ಷವಾಗಿತ್ತು, ಈಗ ಯಾರು ನಕ್ಕರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ.

ಹನಮಂತವ್ವ ತನ್ನ ಮುಂದಿನ ಚೀಲ ತೋರಿಸಿದಳು. ಅದರ ಎರಡು ಮೂಲೆಗಳನ್ನು ಗಂಟು ಹಾಕಿ ಕಿವಿ ಮಾಡಿದ್ದಳು, ಹಮಾಲರು ಎತ್ತುವಾಗ ಹಿಡಿಯಲಿ ಎಂದು. “ನೋಡ್ರಿ, ಈ ಕಿವಿಯಿಂದ ಆ ಕಿವಿಗೆ ಹನ್ನೆರಡು ಹೊಲಿಗಿ. ಸೀದಾ ಹೊಕ್ಕೀವಿ, ಸೀದಾ ಮುಗಸ್ತೀವಿ. ನಿಮ್ಮ ಫೋಟೋದಾಗ ನಾಲ್ಕು ಮುಂದ ಹೋಗೇತಿ, ಒಂದು ಹಿಂದ ಬಂದೈತಿ. ಮತ್ತ ನಾಲ್ಕು ಮುಂದ, ಒಂದು ಹಿಂದ. ಇಷ್ಟು ಬಿಗಿ ಹೊಲಕೋತ ಕುಂತ್ರ ದಿನಕ್ಕ ಇನ್ನೂರು ಚೀಲ ಮುಗಿಸೋದು ಯಾವಾಗ?”

ಪಕ್ಕದಲ್ಲಿದ್ದ ರಾಮವ್ವ ಹೊಲಿಯುವುದನ್ನು ನಿಲ್ಲಿಸಿದ್ದಳು. ಅವಳು ಹನಮಂತವ್ವನ ಮುಖ ನೋಡಿದಳು. ಹನಮಂತವ್ವ ನೆಲ ನೋಡಿದಳು.

“ನಿಮಗ ಗೊತ್ತೈತಿ,” ಎಂದ ಹುಚ್ಚೀರಪ್ಪ.

ಹನಮಂತವ್ವ ದಬ್ಬಣವನ್ನು ಚೀಲಕ್ಕೆ ಸಿಕ್ಕಿಸಿಟ್ಟಳು.

“ಬೆಟಗೇರಿ ಕೈ ರೀ ಅದು,” ಎಂದಳು ಹನಮಂತವ್ವ ಕೊನೆಗೆ. “ಹದಿನೈದು ವರ್ಷದ ಹಿಂದ ಆಕಿ ಹೊಲಿದ ಚೀಲ ಒಂದು ಲಾರಿಗೆ ಹೇರೋ ಮುಂದ ಬಿಚ್ಚಿಕೊಂತು. ಹೊತ್ತಾಂವ ಆಕಿ ಗಂಡನ. ಹಲಗಿ ಮ್ಯಾಲ ಕಾಲು ಜಾರಿ ಬಿದ್ದ, ನಡಾ ಮುರೀತು. ನಾಲ್ಕು ವರ್ಷ ಹಾಸಿಗಿ ಹಿಡದು ತೀರಿಕೊಂಡ. ಅವತ್ತಿನಿಂದ ಆಕಿ ಹಿಂಗ ಹೊಲಿತಾಳ.”

“ಹೆಸರು?”

“ಹೆಸರು ನಮ್ಮ ಬಾಯಿಂದ ಹೇಳಸಬ್ಯಾಡ್ರಿ ಸಾಹೇಬ್ರ. ಆಕಿನೂ ಹೊಟ್ಟಿಗಾಗಿ ಹೊಲಿಯಾಕಿ.”

ಗದಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಹುಚ್ಚೀರಪ್ಪ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದ. ಲಾರಿ ಹೊರಟಾಗ ಇನ್ನೂರ ನಲವತ್ತು ಚೀಲ, ಗಡಿಯಲ್ಲಿ ಎಣಿಸಿದಾಗಲೂ ಇನ್ನೂರ ನಲವತ್ತು. ಅಂದರೆ ಹನ್ನೊಂದು ಇಳಿಸಿ ಹನ್ನೊಂದು ಏರಿಸಿದ್ದಾರೆ. ಏರಿಸಿದವರು ಎಲ್ಲರ ಚೀಲದ ಹಾಗೇ ಕಾಣಲಿ ಎಂದು ಪಳಗಿದ ಕೈಯನ್ನೇ ಕರೆಸಿದ್ದಾರೆ. ಅಡ್ಡಾದಿಡ್ಡಿ ಹೊಲಿದು ಬಿಸಾಕಿದ್ದರೆ ಯಾರದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಅತಿ ನಾಜೂಕು ಮಾಡಲು ಹೋಗಿ ಗುರುತು ಬಿಟ್ಟಿದ್ದರು.

ಬಹಳ ದಿನದ ಮೇಲೆ ಅವನಿಗೆ ಖುಷಿಯಾಯಿತು. ಆ ಖುಷಿಯೇ ಅವನನ್ನು ಕೆಡಿಸಿತು.

*

ವೀರೇಶ ಮಾಳಶೆಟ್ಟಿಯ ಲಾರಿ ಏಜೆನ್ಸಿ ಬೆಟಗೇರಿಯ ಅಂಚಿನಲ್ಲಿತ್ತು. ಮುಂದೆ ಆಫೀಸು, ಹಿಂದೆ ಗೋದಾಮು. ಗೋಡೆಯ ಮೇಲೆ ಭಾರತದ ದೊಡ್ಡ ನಕಾಶೆ. ಬಾಂಗ್ಲಾಕ್ಕೆ ದಾಟುವ ಕಡೆ ಒಂದು, ನೇಪಾಳಕ್ಕೆ ದಾಟುವ ಕಡೆ ಒಂದು ಎಂದು ಗಡಿಯ ಉದ್ದಕ್ಕೂ ಹೆಂಡತಿ ಹಣೆಗಿಡುವ ಕೆಂಪು ಟಿಕಳಿಗಳನ್ನು ಅಂಟಿಸಿದ್ದ. ನಲವತ್ತು ವರ್ಷದ ಮನುಷ್ಯ, ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹುಚ್ಚೀರಪ್ಪನಿಗೆ ಇಂಥವರನ್ನು ಕಂಡರೆ ಮೊದಲಿನಿಂದಲೂ ಆಗದು.

ಮೂಲೆಯ ಕಂಪ್ಯೂಟರಿನ ಮುಂದೆ ಮೊಹಸಿನನ ಹೆಂಡತಿ ನಿಶಾತ ಕುಳಿತಿದ್ದಳು. ಶಿರಹಟ್ಟಿಯ ಹುಡುಗಿ, ಬಿಕಾಂ ಓದಿದವಳು. ಪ್ರತಿ ಲಾರಿಯ ಮಾಲಿನ ಚೀಟಿ, ಅಂದರೆ ಬಿಲ್ಟಿ, ಬರೆಯುವವಳು ಅವಳೇ. ಮೂರು ವಾರದ ಹಿಂದೆ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಲಕ್ಷ್ಮೇಶ್ವರಕ್ಕೆ ಬಂದು, ಹುಚ್ಚೀರಪ್ಪ ಹೂಂ ಎನ್ನುವವರೆಗೆ ಅವನ ಮನೆಯ ಕಟ್ಟೆ ಬಿಟ್ಟು ಏಳದವಳೂ ಅವಳೇ.

“ಬರ್ರಿ ಹವಾಲ್ದಾರ್ರ, ಕುಂಡ್ರಿ. ಚಹಾ ತರಸ್ಲೇನು?” ಎಂದ ವೀರೇಶ.

“ಚಹಾ ಆಮ್ಯಾಲ. ಒಂದು ಮಾತು ಹೇಳ್ರಿ. ಮುಂಡರಗಿಯಾಗ ಮಾಲು ತುಂಬಿದ ಗಾಡಿ ಸೀದಾ ಬಂಗಾಲದ ಹಾದಿ ಹಿಡಿಬೇಕು. ನಿಮ್ಮ ಗೋದಾಮಿನ್ಯಾಗ ಒಂದು ದಿನ ಯಾಕ ನಿಂತಿತ್ತು?”

“ಕಾಗದ ಬರೋದಿತ್ತು. ಮೆಣಸಿನಕಾಯಿಗೆ ಹುಳ ಇಲ್ಲ ಅಂತ ಸರ್ಟಿಫಿಕೇಟ್ ಇಲ್ದ ಗಡಿಯಾಗ ಒಳಗ ಬಿಡಂಗಿಲ್ರಿ. ಅದನ್ನ ತರಸೋದು, ಗಾಡಿ ಕೊಡೋದು, ಅಲ್ಲಿ ಏಜೆಂಟನ್ನ ಗೊತ್ತು ಮಾಡೋದು, ಇಷ್ಟ ನಮ್ಮ ಕೆಲಸ. ಅಲ್ಲಿ ಹತ್ತತ್ತು ದಿನ ಗಾಡಿ ಪಾಳಿ ಹಚ್ಚಿ ನಿಂತಿರ್ತಾವ. ಆವಾಗ ಡ್ರೈವರ್ ಏನು ಮಾಡ್ತಾನ, ಯಾರ ಕೂಡ ಮಾತಾಡ್ತಾನ, ಇಲ್ಲಿ ಕುಂತು ನಾವು ಹೆಂಗ ನೋಡೂನು?”

“ಚೀಲ ಅಲ್ಲಿ ಬದಲಾಗಿಲ್ಲ.”

“ಹೆಂಗ ಹೇಳ್ತೀರಿ?”

ಮೂವತ್ತು ವರ್ಷ ಖಾಕಿ ತೊಟ್ಟವನು ಮಾಡಬಾರದ ಕೆಲಸವನ್ನು ಹುಚ್ಚೀರಪ್ಪ ಆಗ ಮಾಡಿದ. ಬಾಯಿ ಬಿಟ್ಟ. ಮೊಬೈಲು ತೆಗೆದು ಮೇಜಿನ ಮೇಲಿಟ್ಟು, “ಆ ಹನ್ನೊಂದು ಚೀಲ ಹೊಲಿದ ಕೈ ಬೆಟಗೇರಿದು. ಸಂಜಿಯೊಳಗ ಆಕಿ ಯಾರಂತ ಗೊತ್ತಾಗತೈತಿ. ಹೊಲಿಸಿದಾಂವ ಯಾರಂತನೂ ಗೊತ್ತಾಗತೈತಿ,” ಎಂದುಬಿಟ್ಟ.

ಮೂಲೆಯಲ್ಲಿ ಟಪಟಪ ಎನ್ನುತ್ತಿದ್ದ ಸದ್ದು ನಿಂತಿತು. ನಿಶಾತ ತಿರುಗಿ ನೋಡಲಿಲ್ಲ. ಪಾಪ, ಗಂಡ ಬರುತ್ತಾನೆಂಬ ಆಸೆಗೆ ಎದೆ ಡವಗುಟ್ಟಿರಬೇಕು ಎಂದುಕೊಂಡ ಹುಚ್ಚೀರಪ್ಪ.

ವೀರೇಶ ಮಾತ್ರ ಫೋಟೋ ನೋಡಿ ಮೆಲ್ಲಗೆ ತಲೆಯಾಡಿಸಿದ. “ಚಲೋ ಆತು. ಹುಡುಗ ಪಾಪದಾಂವ. ಹೊರಗ ಬರ್ಲಿ. ಅದಕ್ಕ ನೋಡ್ರಿ, ನಿಶಾತಳನ್ನ ನಾವು ಕೆಲಸ ಬಿಡಿಸಿಲ್ಲ.”

ಹುಚ್ಚೀರಪ್ಪ ಚಹಾ ಕುಡಿದು ಹೊರಬಿದ್ದ. ಚಹಾ ಚೆನ್ನಾಗಿಯೇ ಇತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು.

*

ಹಮಾಲರನ್ನು ಕೇಳಿದರೆ ಬಿದ್ದವನ ಹೆಸರು ಸಿಗುತ್ತದೆ, ಬಿದ್ದವನ ಹೆಸರು ಸಿಕ್ಕರೆ ಹೊಲಿದವಳು ಸಿಗುತ್ತಾಳೆ. ಅಷ್ಟು ಸರಳವಾಗಿತ್ತು. ಆದರೆ ಹಮಾಲರ ಹಿರಿಯ ಹುಲಿಗೇಶ ಮಾರುಕಟ್ಟೆಯಲ್ಲಿ ಒಂದು ಶೇಂಗಾದ ಲಾರಿ ಖಾಲಿ ಮಾಡಿಸುತ್ತಿದ್ದ. ಮುಗಿಯುವವರೆಗೆ ಮಾತಿಲ್ಲ ಎಂದು ಕೈ ಮಾಡಿದ. ಹುಚ್ಚೀರಪ್ಪ ಬೇವಿನ ಮರದ ಕೆಳಗೆ ಎರಡು ತಾಸಿನ ಮೇಲೆ ಕುಳಿತ. ಗಾಳಿ ಧೂಳೆಬ್ಬಿಸಿ ಕಣ್ಣಿಗೆ ತುಂಬಿತು. ಮೊಣಕಾಲು ನೋಯತೊಡಗಿತು.

ಎರಡೂವರೆಗೆ ಹುಲಿಗೇಶ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಬಂದ.

“ಹದಿನೈದು ವರ್ಷದ ಹಿಂದ ಹಲಗಿ ಮ್ಯಾಲಿಂದ ಬಿದ್ದಾಂವ? ನಾನ ಎತ್ತಿ ಟಾಂಗಾದಾಗ ಹಾಕಿದ್ದೆ ರೀ. ಗುಡುಸಾಬ ಅಂತ. ಬಂಗಾರದಂಥಾ ಮನಿಷ್ಯಾ.”

“ಗುಡುಸಾಬ? ಯಾವ ಗುಡುಸಾಬ?”

“ಮತ್ಯಾರ್ರಿ, ನೀವು ಯಾರ ಸಲುವಾಗಿ ಇಷ್ಟು ಓಡಾಡಾಕತ್ತೀರಿ, ಆ ಮೊಹಸಿನನ ಅಪ್ಪ.”

ಹುಚ್ಚೀರಪ್ಪ ಎದ್ದು ನಿಂತ. ಗುಡುಸಾಬನ ಹೆಂಡತಿ ಎಂದರೆ ಮೋತಿಬಿ. ಮೊಹಸಿನನ ಹೆತ್ತ ತಾಯಿ. ಈ ಮೂರು ವಾರದಲ್ಲಿ ಅವಳ ಮನೆಗೆ ಅವನು ಐದು ಸಲ ಹೋಗಿದ್ದ. ಐದು ಸಲವೂ ಅವಳು ನೀರು ಕೊಟ್ಟಿದ್ದಳು, ರೊಟ್ಟಿ ಕೊಟ್ಟಿದ್ದಳು. ಮಾತು ಮಾತ್ರ ಕೊಟ್ಟಿರಲಿಲ್ಲ.

*

ಬೆಟಗೇರಿಯ ಆ ಓಣಿಯಲ್ಲಿ ಮೊದಲು ಮನೆಗೊಂದು ಮಗ್ಗವಿತ್ತು. ಈಗ ಎಲ್ಲೋ ಒಂದೆರಡು ಸದ್ದು ಮಾಡುತ್ತವೆ. ಮೋತಿಬಿ ಬಾಗಿಲ ಹತ್ತಿರ ಬೆಳಕಿಗೆ ಕುಳಿತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಕೌದಿಯ ಇನ್ನೊಂದು ತುದಿಯಲ್ಲಿ ಮೊಮ್ಮಗಳು ನಿದ್ದೆ ಹೋಗಿತ್ತು.

ಹುಚ್ಚೀರಪ್ಪ ಹೊಸ್ತಿಲ ಮೇಲೆ ಕುಳಿತು ಕೌದಿಯ ಮೇಲೆ ಕಣ್ಣಾಡಿಸಿದ. ನಾಲ್ಕು ಮುಂದೆ, ಒಂದು ಹಿಂದೆ.

“ಮೋತಿಬಿ, ಒಂದು ಫೋಟೋ ತೋರಸ್ತೀನಿ. ನೋಡು.”

“ನೋಡೋದೇನೈತ್ರಿ,” ಎಂದಳು ಅವಳು ಸೂಜಿಯಿಂದ ಕಣ್ಣೆತ್ತದೆ. “ನಂದ ಕೈ.”

ಸುಳ್ಳು ಹೇಳುವವರ ಬಾಯಿ ಬಿಡಿಸುವುದನ್ನು ಹುಚ್ಚೀರಪ್ಪ ಮೂವತ್ತು ವರ್ಷ ಕಲಿತಿದ್ದ. ಕೇಳುವ ಮೊದಲೇ ಒಪ್ಪಿಕೊಂಡವರ ಎದುರು ಏನು ಮಾಡಬೇಕೆಂದು ಇಲಾಖೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

“ಎಲ್ಲಿ ಹೊಲಿದಿ?”

“ಏಜೆನ್ಸಿ ಗೋದಾಮಿನ್ಯಾಗ. ಆ ಗಾಡಿ ನಿಂತಿತ್ತಲ್ರಿ, ಆ ದಿನ ಮಧ್ಯಾಹ್ನ.”

“ಒಳಗ ಏನಿತ್ತು ಗೊತ್ತಿತ್ತೇನು?”

“ಬಾಯಿ ಕೂಡಿಸಾಕ ಚೀಲ ಎಳಕೊಂಡೆ. ಬಾಟ್ಲಿಗೆ ಬಾಟ್ಲಿ ತಾಕಿದ ಸಪ್ಪಳ ಆತು. ಮೆಣಸಿನಕಾಯಿ ಸಪ್ಪಳ ಮಾಡ್ತಾವೇನ್ರಿ? ಕಳ್ಳ ಮಾಲು ಅಂತ ತಿಳೀತು.”

“ತಿಳಿದೂ ಹೊಲಿದಿ. ಅದೂ ಇಷ್ಟು ಬಿಗಿ?”

ಮೋತಿಬಿ ಮೊದಲ ಸಲ ತಲೆಯೆತ್ತಿದಳು. “ಸಡಲ ಬಿಟ್ರ ಬಿಚ್ಚಿ ಯಾರರ ಮ್ಯಾಲ ಬಿದ್ರ? ಹೊರಾವ್ರು ಯಾರ್ರಿ, ನಮ್ಮ ಮಂದಿನ ಅಲ್ಲೇನು?”

ಬಯ್ಯಬೇಕೆಂದು ಬಂದ ಹುಚ್ಚೀರಪ್ಪನಿಗೆ ಈ ಹೆಂಗಸಿನ ಮೇಲೆ ಮರುಕ ಬಂತು. ಅದನ್ನು ತೋರಿಸಬಾರದೆಂದು ದನಿ ಗಟ್ಟಿ ಮಾಡಿದ.

“ಆ ಮಾಲು ನಿನ್ನ ಮಗನ ಗಾಡಿಗೆ ಅಂತ ಗೊತ್ತಿತ್ತೇನು?”

“ಯಾ ಅಲ್ಲಾ! ಅಂವ ಕೊಲ್ಹಾಪುರಕ್ಕ ಹೊಂಟಿದ್ದ ರೀ. ಬುತ್ತಿ ಕಟ್ಟಿ ಕೊಟ್ಟಿದ್ದೆ. ಬಂಗಾಲಕ್ಕ ಹೋಗೋ ಡ್ರೈವರ್‌ಗೆ ಜ್ವರ ಬಂತಂತ ಕಡೀ ಗಳಿಗ್ಯಾಗ ಇವನ್ನ ಹತ್ತಿಸಿ ಕಳಿಸ್ಯಾರ. ಮಹಾರಾಷ್ಟ್ರ ದಾಟಿದ ಮ್ಯಾಲ ಫೋನ್ ಮಾಡಿ, ಅವ್ವಾ, ನಾ ಬಾಂಗ್ಲಾ ಗಡಿ ನೋಡಾಕ ಹೊಂಟೇನಿ ಅಂತ ನಕ್ಕ.” ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. “ನಾ ಹೊಲಿದ ಚೀಲ ಅಪ್ಪನ್ನೂ ತಿಂತು, ಮಗನ್ನೂ ತಿಂತು.”

ಮಗು ಮಗ್ಗುಲು ಬದಲಿಸಿತು. ಮೋತಿಬಿ ಅದರ ಬೆನ್ನು ತಟ್ಟಿದಳು.

“ಕೇಳಿಲ್ಲಿ,” ಎಂದ ಹುಚ್ಚೀರಪ್ಪ ಮುಂದಕ್ಕೆ ಬಾಗಿ. “ಮಗನ್ನ ತಿನ್ನೋದು ಬಿಡೋದು ಈಗ ನಿನ್ನ ಕೈಯಾಗ ಐತಿ. ಗಾಡಿ ಗೋದಾಮಿನ್ಯಾಗ ನಿಂತಾಗ ಚೀಲ ಬದಲಾದ್ವು, ಆವಾಗ ಮೊಹಸಿನ ಅಲ್ಲಿ ಇರಲಿಲ್ಲ, ಚೀಲ ಹೊಲಿದಾಕಿ ನಾನ. ಇಷ್ಟು ಬರದು ಸಹಿ ಮಾಡು. ಇವತ್ತ ವಕೀಲರಿಗೆ ಕಳಸ್ತೀನಿ. ಸೋಮವಾರ ಹುಡುಗ ಹೊರಗ.”

“ಮುಂದಿನ ಮಾತು ಏನು ಕೇಳ್ತಾರ್ರಿ ಕೋರ್ಟಿನ್ಯಾಗ?”

“ಹೊಲಿಯಾಕ ಕರೆದೋರು ಯಾರು ಅಂತ.”

“ಅದಕ್ಕ ನಾ ಬರದು ಕೊಡಾಂಗಿಲ್ಲ.”

“ವೀರೇಶಗ ಅಂಜತೀಯೇನು? ನಾ ಇದ್ದೀನಿ.”

“ಸಾವ್ಕಾರ್ರು ಆ ದಿನ ಗೋದಾಮಿನ ಕಡೆ ಹಣಿಕಿ ಸೈತ ಹಾಕಿಲ್ರಿ.”

“ಮತ್ಯಾರು? ಹತ್ತು ವರ್ಷ, ಮೋತಿಬಿ! ನಿನ್ನ ಮಗ ಹತ್ತು ವರ್ಷ ಪರದೇಶಿ ಹಂಗ ಅಲ್ಲಿ ಬಿದ್ದಿರ್ತಾನ. ನಿನ್ನ ಮಗಗಿಂತ ಹೆಚ್ಚಿನವರು ಯಾರವರು?”

ಮೋತಿಬಿ ಕೈ ಚಾಚಿ ಮಗುವಿನ ಮುಖದ ಮೇಲಿನ ನೊಣ ಓಡಿಸಿದಳು.

“ಈ ಕೂಸಿಗೆ ಅಪ್ಪ ಬೇಕು, ಖರೆ,” ಎಂದಳು. “ಅವ್ವ ಬ್ಯಾಡೇನ್ರಿ?”

ಹುಚ್ಚೀರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಸ್ತಿಲು ಹಿಡಿದುಕೊಂಡ.

“ನಿಶಾತ?”

“ಆಕಿನ ಫೋನ್ ಮಾಡಿದ್ಲು. ಅತ್ತಿ, ಹನ್ನೊಂದು ಚೀಲದ ಬಾಯಿ ಬಿಚ್ಚೇತಿ, ದಬ್ಬಣ ತಗೊಂಡು ಬರ್ರಿ ಅಂದ್ಲು. ಹೋದೆ. ಸುತಳಿ ಕತ್ತರಿಸಿ ಕತ್ತರಿಸಿ ಕೊಟ್ಟಾಕಿನೂ ಆಕಿನ. ಇದರಾಗ ಏನೈತಿ ಅಂತ ಕೇಳಿದೆ. ಕೇಳಬ್ಯಾಡ್ರಿ ಅತ್ತಿ, ಹೊಲೀರಿ ಅಂದ್ಲು.” ಮೋತಿಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಗಂಡನ ಗಾಡಿ ಅಂತ ಆಕಿಗೂ ಗೊತ್ತಿರಲಿಲ್ರಿ. ಗೊತ್ತಾದ ದಿನ ಗ್ವಾಡಿಗೆ ತಲಿ ಬಡಕೊಂಡ್ಲು. ಮಗನ್ನ ಬಿಡಸಾಕ ಹೋದ್ರ ಸೊಸಿ ಒಳಗ. ನಾ ಯಾರ್ನ ಉಳಿಸ್ಕೋಲಿ, ನೀವ ಹೇಳ್ರಿ.”

ಬೆಳಿಗ್ಗೆ ಆ ಕಂಪ್ಯೂಟರಿನ ಸದ್ದು ಯಾಕೆ ನಿಂತಿತು ಎಂದು ಹುಚ್ಚೀರಪ್ಪನಿಗೆ ಈಗ ತಿಳಿಯಿತು. ತನ್ನ ಬಾಯಿಂದ ಹೇಳಲಾಗದ್ದನ್ನು ಬೇರೆಯವರು ಕಂಡುಹಿಡಿಯಲಿ ಎಂದು ನಿಶಾತ ಅವನನ್ನು ಹುಡುಕಿಕೊಂಡು ಬಂದಿದ್ದಳೇ? ಅಥವಾ ಎಷ್ಟು ಹೊರಬೀಳುತ್ತದೆ ಎಂದು ಪಕ್ಕದಲ್ಲಿದ್ದೇ ನೋಡುತ್ತಿದ್ದಳೇ? ಅರವತ್ತು ದಾಟಿದ ಮೇಲೆ ಒಂದು ಹುಡುಗಿಯ ಕಣ್ಣೀರಿಗೆ ಇಷ್ಟು ಕುರುಡಾದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

“ಎಲ್ಲಿ ಆಕಿ ಈಗ?”

“ಹನ್ನೆರಡಕ್ಕ ಬಂದ್ಲು. ಎರಡು ಜೊತಿ ಅರಬಿ ಬ್ಯಾಗಿನ್ಯಾಗ ತುಂಬಿಕೊಂಡ್ಲು. ಹವಾಲ್ದಾರ್ರಿಗೆ ಎಲ್ಲಾ ಗೊತ್ತಾಗಾಕತ್ತೈತಿ, ಇನ್ನ ನಾನ ಹೋಗಿ ಸೋಮವಾರ ಕೋರ್ಟಿನ್ಯಾಗ ಖರೆ ಹೇಳ್ತೇನಿ, ಇವತ್ತ ಹೌರಾಕ್ಕ ರೈಲು ಐತಿ ಅಂದ್ಲು. ಕೂಸಿಗೆ ಮುದ್ದು ಕೊಟ್ಟು ಹೋದ್ಲು.”

ಹುಚ್ಚೀರಪ್ಪ ದೀರ್ಘವಾಗಿ ಉಸಿರು ಬಿಟ್ಟ. ಹಾಗಾದರೆ ಹುಡುಗಿ ಕೆಟ್ಟವಳಲ್ಲ. ಎರಡು ದಿನದ ಪ್ರಯಾಣ, ಶನಿವಾರ ಹೌರಾ, ಸೋಮವಾರ ಕೋರ್ಟು. ಅವಳು ಬಾಯಿ ಬಿಟ್ಟರೆ ಮೊಹಸಿನ ಉಳಿಯುತ್ತಾನೆ. ಮಾಡಿಸಿದವನ ಹೆಸರನ್ನೂ ಹೇಳಿದರೆ ಅವಳಿಗೂ ಒಂದು ದಾರಿ ಸಿಗಬಹುದು. ಫೋನು ತೆಗೆದು ಅವಳ ನಂಬರು ಒತ್ತಿದ.

ನಾಲ್ಕು ಸಲ ರಿಂಗಾದ ಮೇಲೆ ಎತ್ತಿದಳು. ರೈಲಿನ ಗಡಗಡ ಸದ್ದು ಕೇಳಿಸಿತು.

“ಮಗಳ, ನಾ ಹುಚ್ಚೀರಪ್ಪ. ನಿಮ್ಮತ್ತಿ ಎಲ್ಲಾ ಹೇಳಿದ್ರು. ಅಂಜಬ್ಯಾಡ. ನೀ ಚಲೋ ಕೆಲಸಕ್ಕ ಹೊಂಟಿ.”

“ಹೂಂ ಕಾಕಾ.”

“ಒಂದ ಒಂದು ಮಾತು ಹೇಳು. ನಿನ್ನ ಕಡಿಂದ ಈ ಕೆಲಸ ಮಾಡಿಸಿದಾಂವ ವೀರೇಶ, ಹೌದಲ್ಲ? ಅಷ್ಟು ಹೇಳಿದ್ರ ಉಳಿದದ್ದು ನಾ ನೋಡಕೋತೀನಿ.”

ಆ ಕಡೆಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಬೋಗಿಯಲ್ಲಿ ಚಹಾ ಮಾರುವವನು ಕೂಗುತ್ತ ದಾಟಿ ಹೋದ.

“ನಿಶಾತ? ಕೇಳಸ್ತೈತೇನು?”

“ಕೇಳಸ್ತೈತ್ರಿ ಕಾಕಾ,” ಎಂದಳು ಅವಳು. ದನಿಯಲ್ಲಿ ಅಳುವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. “ಸಾವ್ಕಾರ್ರು ಇಲ್ಲೆ ನನ್ನ ಎದುರಿಗೆ ಕುಂತಾರ. ಕೋರ್ಟಿನ್ಯಾಗ ನಾ ಏನು ಹೇಳಬೇಕಂತ ಅವರ ಹೇಳಿಕೊಟ್ಟಾರ. ನಿಮಗ ಶರಣು ಹೇಳಾಕತ್ತಾರ.”